ಬಿದ್ದಿಲ್ಲ ವೈನಿ, ಇಳದದ

ಹೋದ ರವಿವಾರ ಮುಂಜಾನೆ ಹಿತ್ತಲ ಕಸಾ ಹೊಡಿಲಿಕ್ಕೆ ಹೋಗಿದ್ದೆ. ಕರಿಬೇವಿನ ಗಿಡದ ಬುಡಕ್ಕ ಏನೋ ಟುಣಕ್ಕಂತ ಜಿಗೀತು. ಕಪ್ಪಿ ಇರಬೇಕು ಅಂದ್ಕೊಂಡೆ. ಹಿಂದಿನ ರಾತ್ರಿ ಮಳಿ ಬಡದಿತ್ತು, ಧಾರವಾಡದ ಮಳಿ ಅಂದ್ರ ನಿಮಗ ಗೊತ್ತದಲ್ಲ, ಅದರ ಹಿಂದ ಕಪ್ಪಿ ದಿಂಡಿ ಹೊರಡ್ತದ. ಬಗ್ಗಿ ನೋಡಿದ್ರ ಕಪ್ಪಿ ಅಲ್ಲ, ಹಕ್ಕಿ ಮರಿ. ಮೈತುಂಬ ಕಂದು ಪುಕ್ಕ, ಬಾಲ ಇನ್ನೂ ಅರ್ಧ ಬೆರಳಿನಷ್ಟೂ ಬಂದಿಲ್ಲ, ತಲಿಮ್ಯಾಲೆ ನಿದ್ದಿಯಿಂದ ಎದ್ದ ಹುಡುಗರ ಕೂದಲ ಇರ್ತಾವಲ್ಲ ಹಂಗ ಕೆದರಿದ ಜುಟ್ಟು, ಬಾಯಿಯ ಎರಡೂ ಮೂಲಿಗೆ ಹಳದಿ ಅಂಚು. ನನ್ನ ಮಾರಿ ನೋಡ್ತು, ಮತ್ತ ಅಲ್ಲೇ ಕೂತ್ಗೊಂಡ್ತು. ಪುಸ್ತಕದಾಗ ಇದಕ್ಕ ಪಿಕಳಾರ ಅಂತಾರ, ಕೆಲವರು ಬುಲ್‌ಬುಲ್ ಅಂತಾರ. ನಮ್ಮ ಮನ್ಯಾಗ ಮೊದಲಿಂದ ಜುಟ್ಟದ ಹಕ್ಕಿ ಅಂತನ ಹೆಸರು.

ಕಸಬರಿಗಿ ಕೆಳಗಿಟ್ಟು ನಿಂತದ್ದ ತಪ್ಪಾತು. ನಾ ಸುಮ್ಮನ ನಿಂತಿದ್ದು ನೋಡಿ ಎದುರಮನಿ ವೈನಿ ಕಂಪೌಂಡ್ ಹಂತ್ಯಾಕ ಬಂದ್ರು. ಅವರ ಧ್ವನಿ ಕೇಳಿ ಮೂಲಿಮನಿ ಕಾಕು ಬಂದ್ರು. ಮ್ಯಾಲಿನ ಮನ್ಯಾಗ ಬಾಡಿಗಿಗೆ ಇರೋ ಹುಡುಗಿ ಮೊಬೈಲ್ ಹಿಡಕೊಂಡು ಇಳದು ಬಂದ್ಲು. ನಮ್ಮ ಅತ್ತಿಯವರು 84 ವರ್ಷದವರು, ಮೊಣಕಾಲ ನೋವು ಅಂತ ದೇವರ ಮನಿಗೆ ಹೋಗಲಿಕ್ಕೂ ಕೈ ಹಿಡೀಬೇಕು, ಅವರೂ ಕೋಲು ಊರಿಕೊಂಡು ಬಾಗಿಲದಾಗ ಬಂದು ನಿಂತ್ರು. ಐದು ಮಂದಿ ಹೆಂಗಸರು, ನಟ್ಟ ನಡುವ ಒಂದು ಮರಿ.

ಸಲಹಾ ಸುರುವಾದ್ವು. ರಟ್ಟಿನ ಡಬ್ಬ್ಯಾಗ ಅರಳಿ ಹಾಸಿ ಇಡ್ರಿ ಅಂದ್ರು ವೈನಿ. ಅರಿಷಿಣ ಹಚ್ಚ್ರಿ, ಪೆಟ್ಟಾಗಿರ್ತದ ಅಂದ್ರು ಅತ್ತಿಯವರು. ಬ್ರೆಡ್ ಹಾಲಿನಾಗ ಅದ್ದಿ ಕೊಡೂಣೇನ್ರಿ ಆಂಟಿ ಅಂದ್ಲು ಆ ಹುಡುಗಿ. ಕಾಕು ಮಾತ್ರ, "ಯಾರೂ ಮುಟ್ಟಬ್ಯಾಡ್ರೆವಾ, ಮನುಷ್ಯರು ಮುಟ್ಟಿದ್ರ ತಾಯಿ ಸೇರಿಸಿಕೊಳ್ಳೂದಿಲ್ಲ" ಅಂದ್ರು. ಛಲೋ ಆತು, ಒಬ್ಬರರ ಶಾಣ್ಯಾರು ಇದ್ದಾರ ಅಂತ ನಾ ಅನ್ನೂದ್ರೊಳಗ ಅವರ, "ಲಗೂನ ಒಂದು ಅರಿವಿ ತೊಗೊಂಡು ಅದನ್ನ ಎತ್ತಿ ಒಳಗ ಇಡು, ಕಾಗಿ ಒಯ್ತದ" ಅಂದ್ರು.

ನಾ ಅಂದೆ, "ಏನೂ ಮಾಡೂದು ಬ್ಯಾಡ. ಎಲ್ಲಾರೂ ಒಳಗ ಬರ್ರಿ. ಚಹಾ ಮಾಡ್ತೀನಿ."

ವೈನಿ ಮಾರಿ ಸಣ್ಣದಾತು. "ಅಯ್ಯ, ಪಾಪ ಬಿದ್ದದ ಅದು. ನಿಮಗ ಕರಳು ಇಲ್ಲೇನ್ರಿ?"

"ಬಿದ್ದಿಲ್ಲ ವೈನಿ, ಇಳದದ" ಅಂದೆ.

ಅವರಿಗೆ ತಿಳೀಲಿಲ್ಲ. ಬಿಡಿಸಿ ಹೇಳಲಿಕ್ಕೆ ನನಗ ವ್ಯಾಳ್ಯಾ ಸಿಗಲಿಲ್ಲ, ಒಲಿಮ್ಯಾಲೆ ಹಾಲು ಉಕ್ಕಲಿಕ್ಕೆ ಬಂದಿತ್ತು. ಕರಳು ಇಲ್ಲೇನು ಅಂದ ಮಾತು ಮಾತ್ರ ಮೂರು ದಿನದಿಂದ ತಲ್ಯಾಗ ಕೂತದ. ಅದಕ್ಕ ಇದನ್ನ ಬರೀಲಿಕ್ಕೆ ಕೂತೇನಿ. ವೈನಿಯವರೂ ಓದ್ತಾರ ಅಂತ ಗೊತ್ತದ. ಸಿಟ್ಟಿನಿಂದ ಬರದದ್ದಲ್ಲರಿ ವೈನಿ, ಪೂರಾ ಓದ್ರಿ.

ಕರಳು ಇದ್ದದ್ದಕ್ಕ ಏನಾಗಿತ್ತು ಅನ್ನೂದನ್ನ ಮೊದಲ ಹೇಳ್ತೀನಿ.

1999ನೇ ಇಸವಿ, ಮೇ ತಿಂಗಳ ಕಡೀ ವಾರ. ನಾವು ಆಗ ಹುಬ್ಬಳ್ಳ್ಯಾಗ ಬಾಡಿಗಿ ಮನ್ಯಾಗ ಇದ್ವಿ. ಅಂಗಳದಾಗ ಒಂದು ಪೇರಲ ಗಿಡ ಇತ್ತು. ಮಗಳಿಗೆ 6 ವರ್ಷ. ಒಂದು ದಿನ ಗಾಳಿ ಮಳಿ ಆಗಿ ನಿಂತ ಮ್ಯಾಲೆ ಅಕಿ ಓಡಿಕೋತ ಬಂದು "ಅವ್ವಾ, ಹಕ್ಕಿ ಬಿದ್ದದ" ಅಂದ್ಲು. ಇದ ಜಾತಿ ಹಕ್ಕಿ, ಇಷ್ಟ ದೊಡ್ಡದು, ಇಷ್ಟ ಪುಕ್ಕ. ನಾ ಸೆರಗಿನಾಗ ಹಿಡಕೊಂಡು ಒಳಗ ತಂದೆ. ಸಾಲಿ ಸುರುವಾಗ್ತದಂತ ಅಕಿಗೆ ಹೊಸ ಬೂಟು ತಂದಿದ್ವಿ, ಆ ಬೂಟಿನ ಡಬ್ಬ್ಯಾಗ ಅರಳಿ ಹಾಸಿ ಮರೀನ್ನ ಇಟ್ವಿ. ಮುಚ್ಚಳಕ್ಕ ಹೆಣಿಕಿ ಕಡ್ಡಿಯಿಂದ ತೂತು ಮಾಡಿದ್ವಿ. ಶಾಯಿ ತುಂಬೋ ಫಿಲ್ಲರ್ ತೊಳದು ಅದರೊಳಗ ಬೆಚ್ಚಗಿನ ಹಾಲು ತುಂಬಿ ಹನಿ ಹನಿ ಹಾಕಿದೆ. ಅನ್ನಾ ಕಿವಿಚಿ ಹಾಕಿದೆ. ಬಾಯಿ ತಗೀಲಿಲ್ಲ ಅಂತ ಹೆಬ್ಬೆರಳಿನಿಂದ ಬಾಯಿ ಬಿಡಿಸಿ ಹಾಕಿದೆ. ನನ್ನ ಮಗಳಿಗೆ ಔಷಧಾ ಹಾಕಿದ ಕೈ ಅದು, ನನಗ ಬರ್ತದ ಅನ್ನೋ ಸೊಕ್ಕು ಇತ್ತು.

ಹೊರಗ ದೊಡ್ಡ ಹಕ್ಕಿ ಎರಡು ಕಿಟಕಿ ಸರಳಿಗೆ ಬಂದು ಕೂತು ಒದರತಿದ್ವು. ಮುಂಜಾನೆ ಒದರಿದ್ವು, ಮಧ್ಯಾಹ್ನ ಒದರಿದ್ವು, ಮರುದಿನ ಮತ್ತ ಒದರಿದ್ವು. ಪಾಪ ಅಳಲಿಕ್ಕೆ ಹತ್ಯಾವ ಅಂತ ನಾವು ಅಂದ್ಕೊಂಡ್ವಿ. ಒಂದರ ಬಾಯಾಗ ಹಸರು ಹುಳ ಇತ್ತು. ಅದನ್ನ ನಾ ಕಣ್ಣಾರೆ ನೋಡೇನಿ. ನೋಡಿ ಏನು ಮಾಡಿದೆ ಗೊತ್ತದ? ಗದ್ದಲಕ್ಕ ಒಳಗಿನ ಮರಿ ಅಂಜ್ತದ ಅಂತ ಕಿಟಕಿ ಹಾಕಿದೆ.

ಎರಡನೇ ರಾತ್ರಿ ಮರಿ ಸತ್ತಿತು. ಮುಂಜಾನೆ ಅದರ ಎದಿಮ್ಯಾಲಿನ ಪುಕ್ಕ ಹಾಲಿನಿಂದ ಅಂಟಂಟಾಗಿ ಗಟ್ಟಿ ಆಗಿತ್ತು. ಪೇರಲ ಗಿಡದ ಬುಡಕ್ಕ ಹುಗದ್ವಿ. ಹುಗಿಯೂ ಮುಂದ ಮಗಳು ಕೇಳಿದ್ಲು, "ಅವ್ವಾ, ಅದರವ್ವ ಊಟಾ ತೊಗೊಂಡು ಬಂದಿದ್ಲಲ್ಲ, ನೀ ಯಾಕ ಒಳಗ ಬಿಡಲಿಲ್ಲ?"

ನಾ ಅಂದೆ, "ನಾವು ಮುಟ್ಟಿಬಿಟ್ಟಿದ್ವಲ್ಲ ಪುಟ್ಟಿ, ಮುಟ್ಟಿದ ಮ್ಯಾಲೆ ಅದರವ್ವ ಸೇರಿಸಿಕೊಳ್ಳೂದಿಲ್ಲ."

ಸುಳ್ಳ ಅದು. ಆಗ ಸುಳ್ಳು ಅಂತ ಗೊತ್ತಿದ್ದಿಲ್ಲ, ನಮ್ಮವ್ವ ಹೇಳಿದ್ದನ್ನ ನಾ ಹೇಳಿದೆ. ಆದ್ರ ಎದುರಿಗೆ ಹುಳ ಹಿಡಕೊಂಡು ಎರಡು ದಿನ ಕಾದ ತಾಯಿನ್ನ ನೋಡಿದ ಮ್ಯಾಲೂ ಆ ಮಾತು ನನ್ನ ಬಾಯಿಂದ ಬಂತು, ಮತ್ತ ಅದರಿಂದ ನನಗ ಸಮಾಧಾನ ಆತು. ಎಷ್ಟು ವರ್ಷ ಆ ಸಮಾಧಾನದಾಗ ಇದ್ದೆ ಅನ್ನೂದು ನೆನಸಿದ್ರ ಈಗ ನಾಚಿಕಿ ಬರ್ತದ.

ಕಾಕು ಹೇಳಿದ ಮಾತು ಇದ. ನಮ್ಮಲ್ಲೆ ಎಲ್ಲಾರ ಮನ್ಯಾಗೂ ಹೇಳ್ತಾರ. ಮರಿ ಹಕ್ಕಿ ಮುಟ್ಟಿದ್ರ ತಾಯಿ ಬಿಟ್ಟು ಹೋಗೂದಿಲ್ಲ. ಕೃಷಿ ವಿಶ್ವವಿದ್ಯಾಲಯದಾಗ ಓದಿದ ನಮ್ಮ ಅಕ್ಕನ ಮಗ ಹೇಳಿದ್ದು ಇದು, ಆಮ್ಯಾಲೆ ನಾನ ಮಾಡಿ ನೋಡೇನಿ, ಮುಂದ ಹೇಳ್ತೀನಿ. ಗೂಡಿನಾಗ ಬರೇ ತತ್ತಿ ಇದ್ದಾಗ ನಾವು ಪದೇ ಪದೇ ಇಣುಕಿ ಕಾಡಿದ್ರ ಗೂಡು ಬಿಟ್ಟು ಹೋಗ್ತಾವ, ಅದು ಖರೇ. ಅದು ನಮ್ಮ ಕೈ ಮೈಲಿಗಿಗೆ ಅಲ್ಲ, ಅಂಜಿಕಿಗೆ. ಇಷ್ಟು ಜ್ವಾಕಿಯಿಂದ ದಿನಾ ನೂರು ಸಲ ಹಾರಿ ಬಂದು ಉಣಿಸೋ ತಾಯಿ, ಯಾರದೋ ಬೆರಳು ತಾಗ್ತು ಅಂತ ಕೂಸು ಬಿಡ್ತದೇನು? ಮಡಿ ಮೈಲಿಗಿ ನಮ್ಮ ಖಟಪಟಿ, ಅದನ್ನ ಹಕ್ಕಿ ತಲಿಗೆ ಕಟ್ಟೇವಿ. ನಾ ಗುರುತು ಹಿಡದದ್ದು ಏನಂದ್ರ, ಈ ಮಾತು ಭಾಳ ಅನುಕೂಲದ ಮಾತು. ಮೊದಲ ಮುಟ್ಟೂದು, ಆಮ್ಯಾಲೆ ಇನ್ನು ತಾಯಿ ಬರೂದಿಲ್ಲ ಅನ್ನೂದು, ಅದಕ್ಕ ಮರಿ ನಮ್ಮದ ಅನ್ನೂದು. ಸತ್ರ ತಪ್ಪು ತಾಯಿದು.

ಈಗ "ಇಳದದ" ಅಂದದ್ದರ ಅರ್ಥ ಹೇಳ್ತೀನಿ.

2020ರಾಗ ಲಾಕ್‌ಡೌನ್ ಇದ್ದಾಗ ನಮ್ಮ ಹಿಂದಿನ ಕಟ್ಟಿಮ್ಯಾಲಿನ ಮಲ್ಲಿಗಿ ಬಳ್ಳ್ಯಾಗ ಜುಟ್ಟದ ಹಕ್ಕಿ ಗೂಡು ಕಟ್ಟಿತ್ತು. ಅಡಿಗಿಮನಿ ಕಿಟಕಿಯಿಂದ ಮೂರು ಮಾರು ದೂರ, ಅಷ್ಟ. ಎಲ್ಲಿಗೂ ಹೋಗೂಹಂಗಿಲ್ಲ, ಯಾರೂ ಬರೂಹಂಗಿಲ್ಲ, ಕಾಯಿಪಲ್ಲೆ ಹೆಚ್ಚಿಕೋತ ನಾ ಅದನ್ನ ನೋಡೂದು ಬಿಟ್ರ ಬ್ಯಾರೆ ಕೆಲಸಿಲ್ಲ. ನಮ್ಮನಿಯವರು ಟೀವಿ ಮುಂದ, ನಾ ಕಿಟಕಿ ಮುಂದ. ಕಡ್ಡಿ, ಒಣಾ ಬೇರು, ನಾ ತಲಿ ಬಾಚಿ ಎಸದ ಕೂದಲಾ ಸುದ್ದಾ ತೊಗೊಂಡು ಹೋಗಿ ಬಟ್ಟಲದಂಗ ಹೆಣದಿತ್ತು. ಒಳಗ 3 ತತ್ತಿ, ಗುಲಾಬಿ ಬಿಳಿಪು, ಮ್ಯಾಲೆ ಕೆಂಪು ಚುಕ್ಕಿ, ಕುಂಕುಮಾ ಚಿಮುಕಿಸಿದಂಗ. ಸುಮಾರು ಎರಡು ವಾರಕ್ಕ ಮರಿ ಆದ್ವು. ಆದ ದಿನ ನೋಡಿದ್ರ ಅಸಹ್ಯ ಅನಸಬೇಕು, ಅಷ್ಟು ಬೆತ್ತಲಿ, ಕಣ್ಣ ಮುಚ್ಯಾವ, ಕುತಿಗಿ ಕಡ್ಡಿಯಂಗ. ಬಾಯಿ ಮಾತ್ರ ಮೈಗಿಂತ ದೊಡ್ಡದು.

ಗಂಡು ಹೆಣ್ಣು ಎರಡೂ ಉಣಿಸ್ತಾವ. ಇದನ್ನ ನಮ್ಮನಿಯವರನ್ನ ಕರದು ತೋರಿಸಿದೆ, ಮುದ್ದಾಂ. ಹಸರು ಹುಳ, ಮಿಡಿಚಿ, ಒಮ್ಮೊಮ್ಮೆ ಮೆತ್ತಗಿನ ಹಣ್ಣು. ನಮ್ಮ ಅನ್ನಾ ಹಾಲು ಎಲ್ಲೂ ಇಲ್ಲ ಆ ಊಟದಾಗ. ಮರಿ ಹಿಕ್ಕಿ ಹಾಕಿದ ಕೂಡಲೆ ತಾಯಿ ತಂದಿ ಅದನ್ನ ಬಾಯಾಗ ಎತ್ತಿಕೊಂಡು ದೂರ ಒಯ್ದು ಒಗೀತಿದ್ವು, ಗೂಡಿನ ಕೆಳಗ ಬೆಳ್ಳಗಾದ್ರ ಬೆಕ್ಕಿಗೆ ಗುರುತು ಸಿಗ್ತದಲ್ಲ. ಇಷ್ಟು ಸ್ವಚ್ಛ ಬಾಣಂತನ ನಮ್ಮ ಮನ್ಯಾಗ ಯಾರಿಗೂ ಆಗಿಲ್ಲ.

12ನೇ ದಿನ ಮುಂಜಾನೆ ನೋಡ್ತೀನಿ, ಒಂದು ಮರಿ ಗೂಡಿನ ಅಂಚಿಗೆ ಬಂದು ನಿಂತದ. ಬಾಲಿಲ್ಲ, ರೆಕ್ಕಿ ಗಿಡ್ಡ. ಇನ್ನೂ ಎಂಟು ದಿನಾನರ ಬೇಕು ಇದಕ್ಕ ಅಂತ ನಾ ಅಂದ್ಕೋಳ್ಳೂದ್ರೊಳಗ ಕೆಳಗ ಜಿಗದುಬಿಡ್ತು. ಜಿಗದದ್ದೇನು, ಉರುಳಿದ್ದು. ಅದರ ಹಿಂದ ಎರಡನೇದ್ದು. ಮೂರನೇದ್ದು ಮಧ್ಯಾಹ್ನ. ಯಾರೂ ನೂಕಲಿಲ್ಲ, ಗಾಳಿ ಇದ್ದಿಲ್ಲ, ಮಳಿ ಇದ್ದಿಲ್ಲ. ತಾವಾಗೇ ಇಳದ್ವು. ತಾಯಿ ತಂದಿ ಒದರಿ ಒದರಿ ಒಂದನ್ನ ದಾಸಾಳ ಗಿಡದ ಬುಡಕ್ಕ, ಒಂದನ್ನ ತುಳಸಿ ಕಟ್ಟಿ ಹಿಂದ, ಒಂದನ್ನ ಒಗೆಯೋ ಕಲ್ಲಿನ ಸಂದ್ಯಾಗ ಇಟ್ಟು, ಅಲ್ಲಲ್ಲೇ ಹೋಗಿ ಉಣಿಸಿದ್ವು. ಮುಂದಿನ ಎಷ್ಟೋ ದಿನ ಹಂಗ ಉಣಿಸಿದ್ವು. ಗೂಡಿಗೆ ಒಂದೂ ತಿರುಗಿ ಹೋಗಲಿಲ್ಲ.

ಅವತ್ತು ನನಗ ತಿಳದದ್ದು ಇದು. ಗೂಡು ಅಂದ್ರ ಹಕ್ಕಿಯ ಮನಿ ಅಂತ ನಾವು ತಿಳಕೊಂಡೇವಿ. ಮನಿ ಅಲ್ಲ ಅದು, ಬಾಣಂತಿ ಖೋಲಿ. ಆ ಕೆಲಸ ಮುಗಿದ ಮ್ಯಾಲೆ ಯಾರು ಆ ಖೋಲ್ಯಾಗ ಕೂಡ್ತಾರ? ಹಕ್ಕಿಗೆ ಅದು ಎಲ್ಲಕಿಂತ ಅಂಜಿಕಿ ಜಾಗಾ. ಮೂರೂ ಕೂಸು ಒಂದ ಬಟ್ಟಲದಾಗ ಕೂತು ಚೀರಿದ್ರ ಹಾವಿಗೂ ಕೇಳ್ತದ, ಕಾಗಿಗೂ ಕೇಳ್ತದ, ಬಂದ್ರ ಮೂರೂ ಹೋಗ್ತಾವ. ಮೂರು ಮೂರು ಕಡೆ ಇದ್ರ ಒಂದರ ಉಳೀತದ. ಅದಕ್ಕ ಹಾರಲಿಕ್ಕೆ ಬರೂಕಿಂತ ಮೊದಲ ಇಳೀತಾವ. ನೆಲದಮ್ಯಾಲೆ ಕೂತ ಮರಿ ನೋಡಿದ ಕೂಡಲೆ ನಮಗ ಬಿದ್ದದ ಅನಸ್ತದ, ತೌಡಿನಾಗ ಬಿದ್ದ ಕೂಸು ನೋಡಿದಂಗ ಓಡ್ತೀವಿ. ಅದು ಸಾಲಿಗೆ ಹೊಂಟ ಕೂಸು. ನಾವು ಎತ್ತಿಕೊಂಡು ಒಳಗ ತಂದು ಬಾಗಿಲಾ ಹಾಕೋತೀವಿ.

ಇಲ್ಲಿಗೆ ಬಂದ ಮ್ಯಾಲೆ ನಾ ಮಗಳನ್ನ ಲಗ್ನ ಮಾಡಿ ಕಳಿಸಿದ್ದರ ಬಗ್ಗೆ ಎರಡು ಸಾಲು ಬರೀತೀನಿ ಅಂತ ನಿಮಗ ಅನಸಿರಬೇಕು. ಬರೆಯೂದಿಲ್ಲ. ಅಕಿ ಪುಣ್ಯಾದಾಗ ಆರಾಮ ಇದ್ದಾಳ, ಹಕ್ಕಿಗೂ ಅಕಿಗೂ ಸಂಬಂಧಿಲ್ಲ.

ಎಲ್ಲಾ ಮರೀನೂ ಹಂಗ ಬಿಟ್ಟುಬಿಡ್ರಿ ಅಂತ ನಾ ಹೇಳಲಿಕ್ಕೆ ಹತ್ತಿಲ್ಲ. ಮೈಮ್ಯಾಲೆ ಪುಕ್ಕ ಅದನೋ ಇಲ್ಲೋ ನೋಡ್ರಿ, ಅಷ್ಟ. ಪುಕ್ಕ ಇಲ್ಲದ, ಕಣ್ಣ ತಗೀದ ಬೆತ್ತಲಿ ಮರಿ ನೆಲದಮ್ಯಾಲೆ ಇದ್ರ ಅದು ಖರೇನ ಬಿದ್ದದ್ದು. ಅದನ್ನ ಹಗೂರಕ ಎತ್ತಿ ಗೂಡಿನಾಗ ಇಡಬೇಕು, ಮೈಗೆ ಮೈ ಹತ್ತಿ ಬೆಚ್ಚಗ ಆಗಬೇಕು ಅದಕ್ಕ. ಹೋದ ವರ್ಷ ಇದ ಮಲ್ಲಿಗಿ ಬಳ್ಳಿಯಿಂದ ಹಂತಾದ್ದೊಂದು ಬಿದ್ದಿತ್ತು. ಬರೇ ಕೈಲೆ ಎತ್ತಿ ಇಟ್ಟೆ, ಇಟ್ಟು ಒಳಗ ಬಂದೆ. ಕುಕ್ಕರ್ ಎರಡು ಸೀಟಿ ಹೊಡೆಯೂದ್ರೊಳಗ ತಾಯಿ ಬಂದು ಉಣಿಸಿತು, ಮೂರಕ್ಕೂ ಸಮ. ನನ್ನ ಕೈ ಆಗ ಉಳ್ಳಾಗಡ್ಡಿ ನಾರತಿತ್ತು, ಅದಕ್ಕ ಏನೂ ಅನಸಲಿಲ್ಲ. ಗೂಡ ಹರದು ಬಿದ್ದಿದ್ರ ಸಣ್ಣ ಬುಟ್ಯಾಗ ಒಣಾ ಹುಲ್ಲು ಹಾಕಿ ಅದ ಗಿಡಕ್ಕ ಕಟ್ಟಿದ್ರೂ ನಡೀತದ ಅಂತ ಅಕ್ಕನ ಮಗ ಹೇಳ್ಯಾನ. ಬುಟ್ಟಿ ತಳಕ್ಕ ನೀರು ಇಳೀಲಿಕ್ಕೆ ಸಂದಿ ಇರಬೇಕಂತ, ಮಳಿ ಬಂದ್ರ ಮುಳುಗಬಾರದಲ್ಲ.

ಪುಕ್ಕ ಬಂದದ್ದಿದ್ರ, ಕುಪ್ಪಳಿಸ್ತಿದ್ರ, ಬಿಟ್ಟುಬಿಡ್ರಿ. ರಸ್ತಾ ನಡುವ ಕೂತಿದ್ರ, ಇಲ್ಲಾ ಬಿಸಲಾಗ ಕಾದ ಫರಸಿಮ್ಯಾಲೆ ಇದ್ರ ಎತ್ತಿ ಹತ್ತಿರದ ಗಿಡದ ನೆರಳಿಗೆ ಇಡ್ರಿ, ತಾಯಿ ಕಿವಿಗೆ ಅದರ ಧ್ವನಿ ಕೇಳುವಷ್ಟ ದೂರ. ರೆಕ್ಕಿ ಜೋತುಬಿದ್ದು ರಕ್ತ ಬಂದಿದ್ರ, ಬೆಕ್ಕಿನ ಬಾಯಾಗಿಂದ ಬಿಡಿಸಿದ್ದಿದ್ರ ಅದು ಬ್ಯಾರೆ ಮಾತು, ಪಶು ದವಾಖಾನಿಗೆ ಒಯ್ಯಬೇಕು, ಇಲ್ಲಾ ಅರಣ್ಯ ಇಲಾಖೆಯವರಿಗೆ ತಿಳಸಬೇಕು. ಅಲ್ಲಿತನಕಾ ಬೆಚ್ಚಗ, ಕತ್ತಲದಾಗ ಇಟ್ಟು ಮಾತಾಡಸಲಾರದ ಬಿಡೂದು. ಬಾಯಾಗ ಏನೂ ಹಾಕಬ್ಯಾಡ್ರಿ. ನೀರೂ ಬ್ಯಾಡ. ಹಕ್ಕಿಗೆ ಉಸುರಿನ ದಾರಿ ನಾಲಿಗಿ ಬುಡದಾಗ ಬಾಯಿ ತಕ್ಕೊಂಡ ಇರ್ತದ, ನಾವು ಮ್ಯಾಲಿಂದ ಹನಿಸಿದ್ರ ಅದು ನೆಟ್ಟಗ ಪುಪ್ಪಸಕ್ಕ ಇಳೀತದ. ಸಣ್ಣ ಮರಿಗೆ ನೀರು ಹುಳದಾಗಿಂದನ ಸಿಗ್ತದ. ಹಾಲು ಅಂತೂ ಹಕ್ಕಿ ಹೊಟ್ಟಿಗೆ ಜೀರ್ಣ ಆಗೂ ಪದಾರ್ಥನ ಅಲ್ಲ, ಮೊಲಿ ಉಂಡು ಬೆಳೆಯೋ ಜಾತಿ ಅಲ್ಲಲ್ಲ ಅದು. ಇದನ್ನ ಕೇಳಿದಾಗ ನನಗ ಆ ಶಾಯಿ ಫಿಲ್ಲರ್ ನೆನಪಾತು. ಆ ಮರಿ ಹಸಿವಿಯಿಂದ ಸತ್ತಿದ್ದಲ್ಲ, ನನ್ನ ಕೈಯಿಂದನ ಸತ್ತಿದ್ದು ಅಂತ ತಿಳೀಲಿಕ್ಕೆ ನನಗ ಇಪ್ಪತ್ತು ವರ್ಷ ಬೇಕಾತು.

"ತಾಯಿ ಬರದಿದ್ರ?" ಅಂತ ಕೇಳಿದ್ಲು ಮ್ಯಾಲಿನ ಮನಿ ಹುಡುಗಿ. ಛಲೋ ಪ್ರಶ್ನಿ. ತಾಯಿ ಯಾಕ ಬಂದಿಲ್ಲ ಅಂದ್ರ ನಾವು ಐದು ಮಂದಿ ಅಲ್ಲೇ ನಿಂತೇವಿ. ಒಂದು ಬೆಕ್ಕು ಬಂದ್ರ ಹೆದರೋ ಹಕ್ಕಿ, ಐದು ಹೆಂಗಸರ ನಡುವ ಬರ್ತದೇನು? ಕರೆಂಟ್ ತಂತಿಮ್ಯಾಲೆ ಕೂತು ಒದರಲಿಕ್ಕೆ ಹತ್ತಿತ್ತು, ಯಾರೂ ಮ್ಯಾಲೆ ನೋಡಿದ್ದಿಲ್ಲ. ಒಂದು ಎರಡು ತಾಸು ದೂರ ಕೂತು ನೋಡಬೇಕು. ಅಷ್ಟು ಪುರಸೊತ್ತು ನಮಗಿಲ್ಲ, ಮರಿ ಸಾಕಲಿಕ್ಕೆ ಮಾತ್ರ ಪುರಸೊತ್ತು ಅದ.

ಕಾಗಿದೂ ಒಂದು ಹೇಳಿಬಿಡ್ತೀನಿ, ಕಾಕು ಬೈದ್ರೂ ಚಿಂತಿಲ್ಲ. ಹೋದ ವರ್ಷ ಮಿರಗದ ಮಳಿ ಕಾಲಕ್ಕ ಕಾಕಾ ಹಾಲು ತರಲಿಕ್ಕೆ ಗೇಟು ದಾಟಿದ ಕೂಡಲೆ ಕಾಗಿ ಬಂದು ತಲಿಗೆ ಹೊಡೀತು. ಮರುದಿನಾನೂ ಹೊಡೀತು. ಮನ್ಯಾಗ ಮಾತ ಇಲ್ಲ. ಕಾಗಿ ತಲಿ ಮುಟ್ಟಿದ್ರ ಏನು ಅಂತ ನಿಮಗೆಲ್ಲಾ ಗೊತ್ತ ಅದ. ಉಟ್ಟ ಅರಿವ್ಯಾಗ ಸ್ನಾನ ಆತು, ಶನಿವಾರ ಎಳ್ಳೆಣ್ಣಿ ದೀಪ ಆತು, ಪಂಢರಪುರಕ್ಕ ಹೋಗೂ ತಿಕೀಟು ರದ್ದಾತು. ನಾ ಹೋಗಿ ನೋಡಿದೆ. ಗೇಟಿನ ಬಾಜೂಕ ಬೇವಿನ ಗಿಡದ ಬುಡಕ್ಕ, ಗಟಾರದ ಅಂಚಿಗೆ, ಕಾಗಿ ಮರಿ ಕೂತಿತ್ತು. ಬಾಯಿ ತಗದ್ರ ಒಳಗ ಕೆಂಪು, ಕಣ್ಣು ನೀಲಿ ಬೂದಿ ಬಣ್ಣ. ತನ್ನ ಕೂಸಿನ ಹಂತ್ಯಾಕ ಯಾರು ಬಂದ್ರೂ ಕಾಗಿ ಹೊಡೀತದ, ಅದಕ್ಕ ನಿಮ್ಮ ಜಾತಕ ಗೊತ್ತಿಲ್ಲ. ಒಂದು ವಾರ ಹಿಂದಿನ ಬಾಗಿಲದಿಂದ ಹೋಗ್ರಿ ಅಂದೆ. ಹೋದ್ರು, ಹೊಡೀಲಿಲ್ಲ. ಶಾಂತಿ ಮಾಡಿಸಿದ್ದಕ್ಕ ನಿಂತ್ತು ಅಂತ ಕಾಕು ಇವತ್ತಿಗೂ ಹೇಳ್ತಾರ. ದೀಪಾ ಹಚ್ಚೂದಕ್ಕ ನಂದೇನೂ ತಕರಾರಿಲ್ಲ, ಪಂಢರಪುರದ ತಿಕೀಟಿನ ರೊಕ್ಕಾ ಹೋತಲ್ಲ ಅಂತ ಅಷ್ಟ.

ನಮ್ಮ ತವರುಮನ್ಯಾಗ ಗಿಣಿ ಇತ್ತು, ಪಂಜರದಾಗ. ಗಿಡದ ಪೊಟರಿಯಿಂದ ಮರಿ ತಗದು ಮಾರಲಿಕ್ಕೆ ಬರೋರ ಹತ್ರ ತೊಗೊಂಡದ್ದು. ಬಂದವರ ಮುಂದ "ರಾಮ ರಾಮ" ಅನಸೂದು ನಮಗ ಹೆಮ್ಮಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ನಮ್ಮ ದೇಶದ ಗಿಣಿ ಹಂಗ ಸಾಕೂದು ಅಪರಾಧ ಅಂತ ನಮ್ಮಪ್ಪಗ ಗೊತ್ತಿದ್ದಿಲ್ಲ. ಈಗ ಎಲ್ಲಾರಿಗೂ ಗೊತ್ತದ, ಆದ್ರೂ ಮನೀಗೆ ತಂದ ಮರಿ "ಬಿದ್ದದ್ದು ಸಿಕ್ತು, ಪಾಪ ಅಂತ ಸಾಕೇವಿ" ಆಗ್ತದ. ಆ ಪಾಪ ಅನ್ನೋ ಶಬ್ದದ ಕೆಳಗ ಎಷ್ಟು ಪಂಜರ ಅವ ಅನಸ್ತದ ನನಗ.

ಗದಗ ಜಿಲ್ಲಾದ ಮಾಗಡಿ ಕೆರಿಗೆ ಚಳಿಗಾಲದಾಗ ಪಟ್ಟೆ ತಲಿ ಹೆಬ್ಬಾತು ಬರ್ತಾವ, ಹಿಮಾಲಯ ದಾಟಿ ಬರೋ ಹಕ್ಕಿ. ಮೂರು ವರ್ಷದ ಹಿಂದ ನಾವು ಎಲ್ಲಾರೂ ಗಾಡಿ ಮಾಡಿಕೊಂಡು ಹೋಗಿದ್ವಿ. ವೈನಿನೂ ಇದ್ರು, ಕಾಕುನೂ ಇದ್ರು. ದಂಡಿಮ್ಯಾಲೆ ನಿಂತು ಪಿಸಿಪಿಸಿ ಮಾತಾಡಿದ್ವಿ, ಹುಡುಗರು ಕೂಗಿದ್ರ ಬಾಯಿ ಮುಚ್ಚಿದ್ವಿ. ಹಿತ್ತಲದ ಹಕ್ಕಿಗೆ ಮಾತ್ರ ಆ ಮರ್ಯಾದಿ ಇಲ್ಲ. ಅದು ನಮ್ಮ ಹಿತ್ತಲದಾಗ ಹುಟ್ಟಿದ್ದಕ್ಕ ನಮ್ಮ ಕೂಸಂತ ತಿಳಕೊಂಡುಬಿಡ್ತೀವಿ.

ವೈನಿ, ಈಗ ನಿಮ್ಮ ಬೆಕ್ಕಿನ ಮಾತು. ಇದನ್ನ ಹೇಳಬೇಕಂತ ಮೂರು ಪುಟ ಬರದೇನಿ ಅಂತ ಅನ್ನ್ರಿ ಬೇಕಾದ್ರ. ಕಾಗಿ ಒಯ್ತದ, ಹದ್ದು ಒಯ್ತದ ಅಂತ ಎಲ್ಲಾರೂ ಅಂತೀರಿ. ಒಯ್ದ್ರ ಒಯ್ತದ, ಅದಕ್ಕೂ ಕೂಸು ಅವ. ಹುಟ್ಟಿದ ಮರಿ ಎಲ್ಲಾ ಉಳದಿದ್ರ ನಮ್ಮ ಓಣ್ಯಾಗ ಕಾಲಿಡಲಿಕ್ಕೆ ಜಾಗಾ ಇರತಿದ್ದಿಲ್ಲ, ಅದಕ್ಕಂತನ ಅವು ವರ್ಷಕ್ಕ ಒಂದ ಸಲ ಗೂಡು ಕಟ್ಟಿ ಸುಮ್ಮನಾಗೂದಿಲ್ಲ. ಆದ್ರ ಬೆಕ್ಕು ಹಸದು ಹಿಡಿಯೂದಲ್ಲ. ನೀವು ಮುಂಜಾನೆ ಹಾಲು ಅನ್ನಾ ಹಾಕ್ತೀರಿ, ಅದನ್ನ ಉಂಡು ಬಂದು ನಮ್ಮ ಹಿತ್ತಲದಾಗ ಆಟಕ್ಕ ಹಿಡೀತದ, ಹಿಡದು ಅಲ್ಲೇ ಬಿಟ್ಟು ಹೋಗ್ತದ. ನಾ ಎಷ್ಟೋ ಸಲ ಕಸದ ಕೂಡ ಪುಕ್ಕ ಗೂಡಿಸಿ ಒಗದೇನಿ, ನಿಮಗ ಹೇಳಿಲ್ಲ. ಮರಿ ಇಳದ ನಾಲ್ಕು ದಿನ ಬೆಕ್ಕು ಒಳಗ ಹಾಕಿದ್ರ ಸಾಕಿತ್ತು. ಹಾಲು, ಅರಳಿ, ಡಬ್ಬಿ, ಏನೂ ಬೇಕಾಗಿಲ್ಲ. ಆದ್ರ ಮರಿ ಎತ್ತಿಕೊಳ್ಳೂದು ಖುಷಿ ಕೊಡ್ತದ, ಬೆಕ್ಕಿನ ಮುಂದ ಬಾಗಿಲಾ ಹಾಕಿದ್ರ ಅದು ಚೀರ್ತದ, ಪಡದಿ ಹರೀತದ, ನಮಗ ನಿದ್ದಿ ಬರೂದಿಲ್ಲ.

ಇದನ್ನ ಅವತ್ತು ಚಹಾ ಕುಡಿಯೂ ಮುಂದ ಸ್ವಲ್ಪ ಮೆತ್ತಗ ಹೇಳಿದೆ. ವೈನಿ ಏನೂ ಅನ್ನಲಿಲ್ಲ, ಬಶಿ ಕೆಳಗಿಟ್ಟು ಮನೀಗೆ ಹೋದ್ರು. ಸಿಟ್ಟಾದ್ರು ಅಂದ್ಕೊಂಡೆ. ಸ್ವಲ್ಪ ಹೊತ್ತಿಗೆ ಅವರ ಮನ್ಯಾಗಿಂದ ಬೆಕ್ಕು ಚೀರೂದು ಕೇಳಿಸ್ತು, ಬಾಗಿಲಾ ಹಾಕಿದಾಗ ಚೀರೋ ಹಂಗ.

ಅಷ್ಟೊತ್ತಿಗೆ ಅಡಿಗಿಮನಿ ಕಿಟಕ್ಯಾಗ ಅತ್ತಿಯವರು ನಿಂತಿದ್ರು. ಅವರಿಗೆ ದೂರದ್ದು ಕಾಣೂದಿಲ್ಲ, ಕಿವಿ ಮಾತ್ರ ಚುರುಕು. "ಬಂತು ನೋಡ" ಅಂದ್ರು. ದೊಡ್ಡದು ತಂತಿಯಿಂದ ದಾಸಾಳ ಗಿಡಕ್ಕ, ಅಲ್ಲಿಂದ ಕರಿಬೇವಿಗೆ ಇಳೀತು. ಬಾಯಾಗ ಏನೋ ಹಸರು. ಮರಿ ರೆಕ್ಕಿ ನಡುಗಿಸಿಕೋತ ಬಾಯಿ ತಗೀತು, ತಾಯಿ ಹಾಕಿ ಹಾರಿಹೋತು. ಮೂರು ನಿಮಿಷಕ್ಕ ಮತ್ತೊಂದು ಬಂತು, ತಂದಿ ಇರಬೇಕು. ಕಾಕು ನನ್ನ ಮಾರಿ ನೋಡಲಿಲ್ಲ. "ಯಾರೂ ಮುಟ್ಟಿದ್ದಿಲ್ಲಲ್ಲ, ಅದಕ್ಕ" ಅಂದ್ರು.

ಸಂಜೀಗೆ ಮರಿ ಮಲ್ಲಿಗಿ ಬಳ್ಳಿಯ ಕೆಳಗಿನ ಟೊಂಗಿಗೆ ಏರಿತ್ತು. ಸೋಮವಾರ ಮುಂಜಾನೆ ಅಲ್ಲಿ ಇದ್ದಿಲ್ಲ. ಹಾರಿತೋ, ಯಾರರ ಒಯ್ದರೋ, ನಾ ನೋಡಲಿಲ್ಲ. ದೊಡ್ಡವು ಎರಡೂ ಬಾಜೂದವರ ಸೀತಾಫಲದ ಗಿಡಕ್ಕ ಹುಳ ಒಯ್ಯಲಿಕ್ಕೆ ಹತ್ತ್ಯಾವ, ಅದು ಇದ ಮರಿಗೋ ಇನ್ನೊಂದಕ್ಕೋ ಎಲಿ ಮರಿಗೆ ಕಾಣೂದಿಲ್ಲ.

ರಾತ್ರಿ ಮಗಳಿಗೆ ಫೋನ್ ಮಾಡಿದಾಗ ಇದೆಲ್ಲಾ ಹೇಳಿದೆ. 1999ರ ಮಾತೂ ತಗದೆ. ನೀ ಅವತ್ತು ಕೇಳಿದ್ದು ಬರೋಬ್ಬರಿ ಇತ್ತು, ನಾ ಹೇಳಿದ್ದು ಸುಳ್ಳು, ಕಿಟಕಿ ಹಾಕಿದ್ದು ನಾನ ಅಂದೆ. ಭಾಳ ದಿನದಿಂದ ಹೇಳಬೇಕು ಅಂತಿತ್ತು. ಅಕಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾವ ಹಕ್ಕಿ ಅವ್ವಾ?" ಅಂದ್ಲು. ಹಕ್ಕಿ ನೆನಪಿಲ್ಲ ಅಕಿಗೆ. ಬೂಟಿನ ಡಬ್ಬಿ ನೆನಪದ. ಅದರ ಮುಚ್ಚಳಕ್ಕ ತೂತು ಮಾಡಿದ್ವಿ ಅಂತ ನೆನಪದ, ಯಾಕ ಮಾಡಿದ್ವಿ ಅಂತ ನೆನಪಿಲ್ಲ.

ವೈನಿ ಬೆಕ್ಕನ್ನ ಗುರುವಾರದ ತನಕಾ ಹೊರಗ ಬಿಡೂದಿಲ್ಲಂತ ಹೇಳಿ ಕಳಿಸ್ಯಾರ. ಪಡದಿ ಹರದದ ಅಂತನೂ ಹೇಳ್ಯಾರ. ನನ್ನ ಹತ್ರ ಹಳೀ ಇಳಕಲ್ ಸೀರಿ ಒಂದು ಅದ, ಪಡದಿ ಹೊಲಿದು ಕೊಡ್ತೀನಿ.